ಕೆರೆ ನುಂಗಿದ ಹೊಟ್ಟೆಯ ಚಿತ್ರ

ನನ್ನ ಗೆಳೆಯ ಸತ್ತ ಮೇಲೆ ಎಲ್ಲರೂ ಅವನನ್ನು ಪರಿಸರಪ್ರೇಮಿ ಎನ್ನುತ್ತಿದ್ದಾರೆ. ಗಿಡಕ್ಕೆ ನೀರು ಹಾಕಿ ಎಂದರೆ ಬ್ರಷ್ ತೊಳೆದ ನೀರು ಸುರಿದು ಬರುತ್ತಿದ್ದ ಆಸಾಮಿ ಅವನು. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ, ಬೀದಿಗೆಲ್ಲ ಪೇಂಟರಣ್ಣ.

ಅವನ ಮನೆಯ ಹಿಂದೊಂದು ಕೆರೆ. ನೋಡಲು ಚೆಂದವೇನಲ್ಲ, ಆದರೆ ಬೀದಿಯ ಬಾವಿಗಳಲ್ಲಿ ನೀರಿದ್ದದ್ದು ಅದರ ದಯೆಯಿಂದ. ಕಂಟ್ರಾಕ್ಟರರೊಬ್ಬರು ಹಳೆ ಕಟ್ಟಡಗಳ ಮಣ್ಣು, ಇಟ್ಟಿಗೆ ತಂದು ಅದಕ್ಕೆ ಸುರಿಸತೊಡಗಿದರು. ಬಾವಿಗಳು ತಳ ಕಂಡವು. ಬೀದಿಯವರು ಅರ್ಜಿ ಕೊಟ್ಟರು. ಆಫೀಸಿನವರು ನೋಡೋಣ ಎಂದರು, ನೋಡಲಿಲ್ಲ. ಪೇಂಟರನ ಪೇಚೆಂದರೆ, ಅವನ ಅರ್ಧ ಅನ್ನ ಬರುತ್ತಿದ್ದುದೇ ಆ ಕಂಟ್ರಾಕ್ಟರರ ಬೋರ್ಡುಗಳಿಂದ.

ಒಂದು ಭಾನುವಾರ ಬೀದಿ ಏಳುವ ಮುಂಚೆ ಹೋಗಿ ಕೆರೆಯಂಚಿನ ಉದ್ದ ಗೋಡೆಯ ಮೇಲೆ ಚಿತ್ರ ಬರೆದ. ಕಂಟ್ರಾಕ್ಟರರು ಊಟಕ್ಕೆ ಕೂತಿದ್ದಾರೆ, ತಟ್ಟೆಯಲ್ಲಿ ಕೆರೆ, ಸುತ್ತ ಬಾಯಿಬಿಟ್ಟು ನಿಂತ ಕಪ್ಪೆಗಳು. ಕೆಳಗೆ ದಪ್ಪಕ್ಷರದಲ್ಲಿ, 'ಸಾಹೇಬರೇ, ನಮಗೂ ಒಂದು ತುತ್ತು ಉಳಿಸಿ.' ಮನೆಗೆ ಬಂದು ಏನೂ ಅರಿಯದ ಕೂಸಿನಂತೆ ಮಲಗಿದ.

ಹಾಲು ತರಲು ಹೋದ ಅವನ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ, ಬಂದು ಎಬ್ಬಿಸಿದರು.

"ಕಳ್ಳತನಕ್ಕೆ ಹೋದೋರು ಯಾರಾದ್ರೂ ವಿಳಾಸ ಕೊಟ್ಟು ಬರ್ತಾರೇನ್ರೀ?"

ಬರೆದ ಪ್ರತಿ ಬೋರ್ಡಿನ ಮೂಲೆಯಲ್ಲೂ ತನ್ನ ಹೆಸರು, ಫೋನ್ ನಂಬರು ಹಾಕುವುದು ಅವನ ಕೈಗೆ ಅಂಟಿದ ಚಟ. ಇಲ್ಲೂ ಹಾಕಿದ್ದ, ಅದೂ ಮುತ್ತಿನಂಥ ಅಕ್ಷರದಲ್ಲಿ. ಅಳಿಸಲು ಓಡಿದರೆ ಬೀದಿಯೆಲ್ಲ ಅಲ್ಲಿ ನಿಂತು ನಗುತ್ತಿತ್ತು. ಅಷ್ಟರಲ್ಲಿ ಕಂಟ್ರಾಕ್ಟರರ ಜೀಪೂ ಬಂತು. ಅವರು ಚಿತ್ರವನ್ನು ತುಂಬ ಹೊತ್ತು ನೋಡಿದರು.

"ನನ್ನ ಹೊಟ್ಟೆ ಇಷ್ಟು ದೊಡ್ಡದಿದೆಯೇನಯ್ಯಾ?"

"ಕೆರೆ ಹಿಡೀಬೇಕಲ್ಲ ಸಾರ್."

ಅಳಿಸು ಎಂದರು. ನೀವು ಮಣ್ಣು ಎತ್ತಿದಷ್ಟೂ ನಾನು ಹೊಟ್ಟೆ ಇಳಿಸ್ತೀನಿ ಎಂದ ಇವನು.

ಬೋರ್ಡಿನ ಕೆಲಸ ಅಂದೇ ನಿಂತಿತು. ಅತ್ತಿಗೆಯ ಹೊಲಿಗೆ ಮಿಷನ್ನು ಮನೆ ನಡೆಸಿತು. ಆದರೆ ಮಣ್ಣಿನ ಲಾರಿ ಕಂಡವರೆಲ್ಲ ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡತೊಡಗಿದರು. ಲೋಡು ಬಿದ್ದಾಗಲೆಲ್ಲ ಇವನು ಹೋಗಿ ಹೊಟ್ಟೆಯನ್ನು ಒಂದು ಗೇಣು ಬೆಳೆಸಿ ಬರುತ್ತಿದ್ದ. ಪಾಪದ ಕಪ್ಪೆಗಳು ಒಂದೊಂದಾಗಿ ಹೊಟ್ಟೆಯಡಿ ಮುಚ್ಚಿಹೋದವು. ನೋಡಲು ಬೇರೆ ಬೀದಿಗಳಿಂದಲೂ ಜನ ಬಂದರು. ಕೊನೆಗೆ ಕಂಟ್ರಾಕ್ಟರರ ತಾಯಿಯೇ ಆಟೋದಲ್ಲಿ ಬಂದು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ಹೋದರು. ಮಗನಿಗೆ ಏನಂದರೋ ತಿಳಿಯದು. ಸುರಿಯಲು ಬರುತ್ತಿದ್ದ ಲಾರಿಗಳು ಎತ್ತಲು ಬಂದವು. ಇವನೂ ಮಾತಿನಂತೆ ಹೊಟ್ಟೆ ಇಳಿಸುತ್ತಾ ಬಂದ. ಇನ್ನೂ ಮೂಲೆಯ ಗುಡ್ಡೆ ಬಾಕಿಯಿದ್ದಾಗ, ಹೋದ ತಿಂಗಳು, ಅವನ ಎದೆಬಡಿತವೇ ನಿಂತಿತು.

ಮೊನ್ನೆ ನಾನು ಅತ್ತಿಗೆಯನ್ನು ನೋಡಲು ಹೋಗಿದ್ದಾಗ ಕಂಟ್ರಾಕ್ಟರರು ಮನೆಗೆ ಬಂದು ತಲೆ ತಗ್ಗಿಸಿ ಕೂತರು. "ಮಣ್ಣು ಪೂರ್ತಿ ಎತ್ತಿಸಿದೀನಮ್ಮ. ಉಳಿದ ಹೊಟ್ಟೆ ಗತಿ ಏನು?" ಎಂದರು.

"ಇರ್ಲಿ ಬಿಡಿ ಸಾರ್," ಎಂದರು ಅತ್ತಿಗೆ. "ಮುಂದೆ ಬರೋರಿಗೆ ಒಂದು ಭಯ ಇರುತ್ತೆ."

ಸಾವಿನ ಮನೆಯೆಂಬುದನ್ನು ಮರೆತು ನನಗೆ ನಗು ಬಂತು. ಪಕ್ಕಕ್ಕೆ ತಿರುಗಿದೆ. ಜೊತೆಗೆ ನಗಲು ಅವನಿರಲಿಲ್ಲ.