ಪಕ್ಕದ ಮನೆಯ ಮುದುಕರು ರೆಕಾರ್ಡು ಮಾಡಿದ್ದು

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅಡಿಗೆ ಮಾಡಿ ತಂದುಕೊಡಬೇಕು. ಸಾರಿಗೆ ಒಗ್ಗರಣೆ ಹಾಕಬಾರದು. ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬಾರದು, ಅಂಥ ಕೆಲಸಕ್ಕೆ ಆ ಮನೆಗೆ ಮತ್ತೆ ಬರುವ ಹಾಗಾಗಬಾರದಲ್ಲ. ಸುಮ್ಮನೆ ಎದ್ದು ಬರಬೇಕು. ಮಂಡ್ಯದ ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ನೋಡಿ ಕಲಿಯುತ್ತಾರೆ. ಅಮೆರಿಕದ ಫ್ರೀಮಾಂಟಿಗೆ ಹೋದೆ ಅಂತ ನಾನು ಅದನ್ನು ಮರೆಯಲಿಲ್ಲ. ಮರೆತಿದ್ದರೆ ಪಕ್ಕದ ಮನೆಯ ಮುದುಕರಿಗೆ ಅಷ್ಟು ತೊಂದರೆ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ಮಗಳು ಹೆರಿಗೆಯ ರಜೆ ಮುಗಿಸಿ ಕೆಲಸಕ್ಕೆ ವಾಪಸು ಹೋಗಬೇಕಾಗಿತ್ತು. ಎಳೆಮಗುವನ್ನು ಡೇಕೇರಿಗೆ ಬಿಡಲು ಮನಸ್ಸಿಲ್ಲದೆ ನನ್ನನ್ನು ಕರೆಸಿಕೊಂಡಳು. ಬೆಳಗ್ಗೆ ಅವಳೊಂದು ಕಡೆ ಹೊರಟರೆ ಅಳಿಯ ಸೇತುವೆ ದಾಟಿ ಇನ್ನೊಂದು ಕಡೆ. ಆಮೇಲೆ ಅಪಾರ್ಟ್‌ಮೆಂಟಿನಲ್ಲಿ ನಾನು ಮತ್ತು ಮೊಮ್ಮಗ. ಗೋಡೆ ತೆಳ್ಳಗಿತ್ತು. ಆಚೆ ಮನೆಯವರು ಕೆಮ್ಮಿದರೂ ಗೊತ್ತಾಗುತ್ತಿತ್ತು.

ಆಚೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ವಯಸ್ಸಾದವರು. ಕಪ್ಪು ಜನ. ಹಾಗಂತ ನಾನೇನು ಬೆಳ್ಳಗಿದ್ದೇನೆಯೇ. ಮೆಟ್ಟಿಲಿನ ಹತ್ತಿರ ಸಿಕ್ಕಿದರೆ ಆತ ಟೋಪಿ ಎತ್ತುತ್ತಿದ್ದರು, ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಪರಿಚಯ ಅಷ್ಟೇ.

ಒಂದು ಬೆಳಗ್ಗೆ ಆಚೆಯಿಂದ ಗಂಡಸಿನ ಅಳು ಕೇಳಿಸಿತು. ಮೊದಲು ಗೊಣಗಿದ ಹಾಗೆ ಕೆಳಗಿದ್ದು, ಹತ್ತುತ್ತಾ ಹತ್ತುತ್ತಾ ಹೋಗಿ, ತುದಿಯಲ್ಲಿ ಗಂಟಲು ಒಡೆದು ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಮಾತು, ಅದೇ ಜಾಗದಲ್ಲಿ ಒಡೆಯುವುದು. ನಮ್ಮೂರಲ್ಲೂ ಹೆಣದ ಮುಂದೆ ಹೀಗೇ ಅಳುತ್ತಾರೆ, ಹೇಳಿದ್ದನ್ನೇ ಹೇಳಿಕೊಂಡು, ರಾಗವಾಗಿ. ಜೊತೆಗೆ ತಂತಿ ಮೀಟಿದ ಸದ್ದೂ ಬರುತ್ತಿತ್ತು. ರೇಡಿಯೋ ಆರಿಸಲು ಮರೆತಿರಬೇಕು ಅಂದುಕೊಂಡೆ. ಹೆಂಡತಿಯ ದನಿ ಮಾತ್ರ ಇಲ್ಲ. ದಿನಾ ಬರುತ್ತಿದ್ದ ಅಡಿಗೆಯ ವಾಸನೆಯೂ ಇಲ್ಲ. ತೀರಿಹೋದವರು ಹೆಂಡತಿಯೇ ಅಂತ ತೀರ್ಮಾನ ಮಾಡಿದೆ.

ಅನ್ನ, ಒಗ್ಗರಣೆಯಿಲ್ಲದ ಬೇಳೆಸಾರು ಮಾಡಿ, ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಹೋಗಿ ಬಾಗಿಲು ಬಡಿದೆ. ಅಳು ನಿಂತಿತು. ಆತ ಬಾಗಿಲು ತೆಗೆದರು. ಪಾತ್ರೆಯನ್ನು ಕೈಗಿಟ್ಟೆ. ಏನೋ ಕೇಳಿದರು. ನಾನು ತಲೆ ತಗ್ಗಿಸಿ, ಒಂದು ಮಾತೂ ಆಡದೆ ಬಂದುಬಿಟ್ಟೆ. ಮಾರನೆಯ ದಿನವೂ ಅತ್ತರು, ಮತ್ತೆ ಕೊಟ್ಟೆ. ಅದರ ಮಾರನೆಯ ದಿನ ಬಾಗಿಲು ತೆಗೆದವರೇ ಎರಡೂ ಕೈ ಎತ್ತಿ, ಆಯಿತು ಆಯಿತು ಅನ್ನುವ ಹಾಗೆ ತಲೆಯಾಡಿಸಿದರು. ಅಲ್ಲಿಂದಾಚೆ ಮನೆ ತಣ್ಣಗಾಯಿತು. ದುಃಖ ಇಳಿಯಿತು ಅಂತ ನಾನೂ ಸುಮ್ಮನಾದೆ.

ಮಗು ಸುಮ್ಮನಾಗಲಿಲ್ಲ. ಎರಡು ಮೂರು ದಿನದಲ್ಲೇ ಆ ಸದ್ದಿಗೆ ಮಲಗಿ ಅಭ್ಯಾಸವಾಗಿತ್ತು, ಈಗ ರಚ್ಚೆ ಹಿಡಿಯಿತು. ಎತ್ತಿಕೊಂಡು ಕಿಟಕಿಯ ಹತ್ತಿರ ಓಡಾಡುವಾಗ ನೋಡುತ್ತೇನೆ, ಕೆಳಗೆ ಪಾರ್ಕಿಂಗಿನಲ್ಲಿ ಆತ ಕಾರಿನೊಳಗೆ ಕೂತಿದ್ದಾರೆ. ಗಾಜು ಏರಿಸಿದ್ದಾರೆ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಮಾರನೆಯ ದಿನವೂ ಅದೇ ಹೊತ್ತಿಗೆ ಬಂದು ಕೂತರು.

ಶನಿವಾರ ಮಗಳಿಗೆ ಹೇಳಿದೆ. “ಪಕ್ಕದ್ಮನೆ ಯಜಮಾನ್ರು ಕಾರೊಳ್ಗೆ ಕೂತ್ಕಂಡು ಅಳ್ತಾವ್ರೆ ಕಣೆ. ಹೆಂಡ್ತಿ ಹೋಗ್ಬುಟ್ರಲ್ಲ, ಪಾಪ. ಒಂದ್ಸಲ ಮಾತಾಡಿಸ್ಕೊಂಡು ಬಾ.”

“ಹೋಗ್ಬಿಟ್ರಾ? ಯಾವಾಗ? ನಿಂಗೆ ಯಾರಮ್ಮ ಹೇಳಿದ್ದು?”

“ಯಾರು ಹೇಳ್ಬೇಕು? ನಂಗೆ ಕಿವಿ ಇಲ್ವಾ?”

ಮಗಳು ಗ್ರೋಸರಿ ಅಂಗಡಿಗೆ ಹೋಗಿ, ಅಲ್ಲಿಯವರು ಸಾವಿನ ಮನೆಗೆ ಕೊಡುವ ಬಿಳೀ ಹೂವಿನ ಕಟ್ಟು ತಂದಳು. ನಾನೂ ಹಿಂದೆ ಹೋದೆ. ಬಾಗಿಲು ತೆಗೆದವರು ಸತ್ತುಹೋದ ಹೆಂಡತಿ. ಅಕ್ಕನ ಮನೆಗೆ ಹೋಗಿದ್ದು ಹಿಂದಿನ ದಿನ ವಾಪಸು ಬಂದಿದ್ದರಂತೆ. ಮಗಳು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಆಕೆ ಹೂವು ತನಗೇ ಅಂದುಕೊಂಡು ತೆಗೆದುಕೊಂಡು, ಒಳಗೆ ಕರೆದು ಕೂರಿಸಿದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಆತ ಹಾಡುಗಾರರು, ಗಿಟಾರು ಬಾರಿಸುವವರು. ವಯಸ್ಸಿದ್ದಾಗ ಹತ್ತಿರದ ಓಕ್ಲೆಂಡಿನ ಕಡೆ ಹಾಡಿ ಹೆಸರು ಮಾಡಿದ್ದರು, ರೆಕಾರ್ಡುಗಳೂ ಬಂದಿದ್ದವು. ಆಮೇಲೆ ಜನಕ್ಕೆ ಬೇರೆ ಥರದ ಹಾಡು ಬೇಕಾಯಿತು. ಇವರು ಸ್ಕೂಲ್ ಬಸ್ಸು ಓಡಿಸಿಕೊಂಡಿದ್ದರು. ಎಷ್ಟೋ ವರ್ಷದ ಮೇಲೆ ಈಗ ಒಂದು ಸಣ್ಣ ಕಂಪನಿಯವರು ಹೊಸ ರೆಕಾರ್ಡು ಮಾಡಲು ಕರೆದಿದ್ದರು. ಆದರೆ ಒಂದು ಷರತ್ತು. ಧ್ವನಿ ತಡೆಯದಿದ್ದರೆ ಇವರು ಬರೀ ಗಿಟಾರು ಬಾರಿಸುವುದು, ಹಾಡುವುದಕ್ಕೆ ಬೇರೆ ಹುಡುಗ ಬರುತ್ತಾನೆ. ತಾನೇ ಕಟ್ಟಿದ ಹಾಡನ್ನು ಇನ್ನೊಬ್ಬನ ಬಾಯಲ್ಲಿ ಕೂತು ಕೇಳಬೇಕು.

“ಹಂಗಾದ್ರೆ ಮನೇಲಿ ಹಾಡೋದು ಯಾಕೆ ಬಿಟ್ರು?” ಅಂದೆ.

ಮಗಳು ಕೇಳಿದಳು. ಆತ ನೆಲ ನೋಡಿಕೊಂಡು ಹೇಳಿದರು. “ನೀನು ಊಟ ಕೊಟ್ಟು ಮುಖಾನೂ ನೋಡ್ದೆ ಹೊರಟೋಗ್ತಿದ್ಯಂತೆ,” ಅಂದಳು ಮಗಳು. “ಮಗು ನಿದ್ದೆ ಹಾಳಾಗ್ತಿದೆ, ಸಿಟ್ಟು ಬಂದಿದೆ, ಆದ್ರೂ ಮರ್ಯಾದಸ್ಥರು, ಅನ್ನ ಹಾಕಿ ಬಾಯಿ ಮುಚ್ಚಿಸ್ತಿದಾರೆ ಅಂದ್ಕೊಂಡ್ರಂತೆ. ಅದಕ್ಕೇ ಕಾರಲ್ಲಿ ಪ್ರಾಕ್ಟೀಸು. ಸ್ಟೇರಿಂಗ್ ಅಡ್ಡ ಬಂದು ಗಿಟಾರ್ ಹಿಡಿಯೋಕಾಗಲ್ವಂತೆ.”

“ಯಾರೂ ಸಾಯ್ದೆ ಹಂಗ್ಯಾಕೆ ಹಾಡ್ಬೇಕು, ಕೇಳು.”

ಹಾಡಿನಲ್ಲಿ ಹೆಂಡತಿ ಮುನಿಸಿಕೊಂಡು ಹೋಗಿದ್ದಾಳಂತೆ. ಅವಳ ಕೋಟು ಇನ್ನೂ ಬಾಗಿಲ ಹಿಂದೆ ನೇತಾಡುತ್ತಿದೆಯಂತೆ.

“ಅಷ್ಟಕ್ಕಾ?” ಅಂದೆ.

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಆಕೆ ನನ್ನ ಮುಖ ನೋಡಿಯೇ ತಿಳಿದುಕೊಂಡು, ಗಂಡನ ತೊಡೆಗೆ ಬಡಿದು ನಕ್ಕರು. ಆತ ನಗಲಿಲ್ಲ. ಗೋಡೆಯಾಚೆಯಿಂದ ಕೇಳಿದ್ದೀರಲ್ಲ, ನನ್ನ ಧ್ವನಿ ಹೇಗಿದೆ ಅಂತ ಕೇಳಿದರು.

“ಕೆಳ್ಗೆ ಚೆನ್ನಾಗೈತೆ. ಮೇಲಕ್ಕೋದ್ರೆ ಒಡೀತದೆ. ವಯಸ್ಸಾಯ್ತಲ್ಲ.”

“ಇದನ್ನ ಹೆಂಗಮ್ಮ ಹೇಳೋದು?”

“ಹಂಗೇ ಹೇಳು. ಮನೇಲೇ ಹಾಡ್ಲಿ ಅನ್ನು, ಜೋರಾಗೇ ಹಾಡ್ಲಿ.”

ಸೋಮವಾರದಿಂದ ಮತ್ತೆ ಹಾಡು ಶುರುವಾಯಿತು. ನಾನು ಒಗ್ಗರಣೆ ಹಾಕಿದ, ಖಾರವಾದ ಸಾರು ಕೊಟ್ಟೆ. ಇದನ್ನೇ ಮೊದಲು ಯಾಕೆ ಕೊಡಲಿಲ್ಲ ಅಂತ ಆಮೇಲೆ ಮಗಳ ಹತ್ತಿರ ಕೇಳಿದರಂತೆ. ಆದರೆ ಹಾಡು ಅದೇ ಜಾಗದಲ್ಲಿ ಒಡೆಯುತ್ತಿತ್ತು. ಆತನದು ಹಠ. ಹತ್ತುವುದು, ಒಡೆಯುವುದು, ಮತ್ತೆ ಹತ್ತುವುದು. ನೀರು ಕುಡಿದು ಹಾಡಿದರು, ನಿಂತು ಹಾಡಿದರು. ರೆಕಾರ್ಡಿಂಗಿಗೆ ಓಕ್ಲೆಂಡಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಹೆಂಡತಿ ಮೆಟ್ಟಿಲಿನ ಹತ್ತಿರ ಸಿಕ್ಕಾಗ ನಗುವುದನ್ನು ಬಿಟ್ಟಿದ್ದರು.

ಒಂದು ಬೆಳಗ್ಗೆ ನಾನು ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಆತ ಅರ್ಧ ಹತ್ತಿ ಬಾಯಿ ನಿಲ್ಲಿಸಿದರು. ಸೋತರು ಅಂದುಕೊಂಡೆ. ಗಿಟಾರು ಒಂದೇ ಮೇಲಕ್ಕೆ ಹೋಯಿತು. ಧ್ವನಿ ಹೋಗಬೇಕಾಗಿದ್ದ ಕಡೆಗೆಲ್ಲ ಅದು ಹೋಗಿ, ನಿಧಾನವಾಗಿ ಇಳಿದು ಬಂತು. ಧ್ವನಿ ಕೆಳಗೇ ಕಾದಿದ್ದು ಅದನ್ನು ಕೂಡಿಕೊಂಡಿತು. ಮತ್ತೆ ಹಾಗೇ ಮಾಡಿದರು, ಮತ್ತೆ ಮಾಡಿದರು. ಒಡೆಯಲಿಲ್ಲ. ಆಕೆ ಆಚೆಯಿಂದ ಗೋಡೆ ತಟ್ಟಿದರು. ನಾನೂ ಈಚೆಯಿಂದ ತಟ್ಟಿದೆ.

ರೆಕಾರ್ಡಿಂಗಿನ ದಿನ ಇಬ್ಬರೂ ಮದುವೆಗೆ ಹೊರಟವರ ಹಾಗೆ ಬಟ್ಟೆ ಹಾಕಿಕೊಂಡು ಹೋದರು. ಸಂಜೆ ಕಾರು ಬಂದ ಸದ್ದಿಗೆ ಕಿಟಕಿಗೆ ಹೋದೆ. ಆತ ಮೇಲೆ ನೋಡಲೇ ಇಲ್ಲ, ಹಿಂದಿನ ಸೀಟಿನಿಂದ ಗಿಟಾರು ಇಳಿಸಿಕೊಳ್ಳುತ್ತಿದ್ದರು. ಆಕೆ ನೋಡಿದರು. ತನ್ನ ಗಂಟಲು ಮುಟ್ಟಿಕೊಂಡು, ಆ ಬೆರಳನ್ನು ಗಂಡನ ಕಡೆ ತೋರಿಸಿದರು. ಹಾಡಿದ್ದು ಇವರೇ. ನಾನು ಹೋಗಿ ಕಾಫಿಗೆ ಇಟ್ಟೆ.

ಕೆಲವು ತಿಂಗಳ ಮೇಲೆ ರೆಕಾರ್ಡು ಬಂತು. ಹೊದಿಕೆಯ ಮೇಲೆ ಆತನ ಫೋಟೋ, ಟೋಪಿ ಸಮೇತ. ನಮ್ಮ ಮನೆಗೇ ತಂದು, ಅಳಿಯನ ಪ್ಲೇಯರಿನ ಮೇಲೆ ಹಾಕಿದರು. ಗೋಡೆಯಾಚೆ ಒಬ್ಬರೇ ಹಾಡುತ್ತಿದ್ದುದಕ್ಕೆ ಇಲ್ಲಿ ಡ್ರಮ್ಮು, ಪೀಪಿ, ಇನ್ನೂ ಏನೇನೋ ಸೇರಿಕೊಂಡಿದ್ದವು. ಕೋಟಿನ ಹಾಡು ಬಂತು. ಮೊದಲಿನಿಂದ ಕೊನೆಯವರೆಗೂ ಅವರದೇ ಧ್ವನಿ. ಒಂದು ಕಡೆ ಕೊಂಚ ಒಡೆದೂ ಇತ್ತು. ಕಂಪನಿಯವನು ಮತ್ತೆ ಹಾಡಿ ಅಂದನಂತೆ, ಇವರು ಒಪ್ಪಲಿಲ್ಲವಂತೆ.

ಹಾಡು ಮುಗಿದ ಮೇಲೆ ಆತ ನನ್ನ ಕಡೆ ನೋಡಿದರು.

“ಚೆನ್ನಾಗೈತೆ,” ಅಂದೆ. “ಡ್ರಮ್ಮು ಜಾಸ್ತಿ ಆಯ್ತು.”

ಈ ಸಲ ಮಗಳು ಇದ್ದದ್ದು ಇದ್ದ ಹಾಗೇ ಹೇಳಿದಳು. ಆತ ಹೆಂಡತಿಯ ಕಡೆ ತಿರುಗಿ, ನಾನು ಹೇಳಲಿಲ್ಲವಾ ಅನ್ನುವ ಹಾಗೆ ಕೈ ಆಡಿಸಿದರು. ಆಮೇಲೆ ಎದ್ದು ರೆಕಾರ್ಡನ್ನು ಮಗುಚಿ ಹಾಕಿದರು. ಆ ಬದಿಯಲ್ಲಿ ಡ್ರಮ್ಮು ಕಡಿಮೆ ಇತ್ತು.