ಕರ್ನಲ್ಲನಿಗೊಂದು ಜೊತೆ

ಬೆಲೆಂ ಬಂದರಿನಿಂದ ಮನೌಸ್‌ಗೆ ಹೊರಡುವ ದೋಣಿಯಲ್ಲಿ ಕ್ಯಾಪ್ಟನ್ ಇರುತ್ತಾನೆ, ಎಂಜಿನ್ನಿನವನು ಇರುತ್ತಾನೆ, ಅಡುಗೆಯವಳು ಇರುತ್ತಾಳೆ. ಇವರಲ್ಲಿ ಯಾರು ಕೈಕೊಟ್ಟರೂ ದೋಣಿ ಹೇಗೋ ಮುಂದೆ ಸಾಗುತ್ತದೆ. ಜೋಲಿ ಮೇಸ್ತ್ರಿ ಕೈಕೊಟ್ಟರೆ ಮಾತ್ರ ನದಿಯ ಮೊದಲ ತಿರುವಿನೊಳಗೇ ರಕ್ತಪಾತ. ಒಂದೇ ಡೆಕ್ಕಿನಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಪ್ರಯಾಣಿಕರು ಮಲಗುವ ನೂರಾರು ಜೋಲಿಗಳು. ಯಾರ ಪಕ್ಕ ಯಾರು ಮಲಗಬೇಕೆಂದು ತೀರ್ಪು ಕೊಡುತ್ತಿದ್ದವನು ಜುವೆನ್ಸಿಯೊ. ಎಳೆಮಗುವನ್ನು ಕುಡುಕನಿಂದ ದೂರ, ಗೊರಕೆಯವರಿಬ್ಬರನ್ನು ದೋಣಿಯ ಎರಡು ತುದಿಗೆ, ಹೊಸ ದಂಪತಿಯನ್ನು ಕಿವುಡಜ್ಜಿಯ ಬದಿಗೆ. ಮಹಾರಾಜರು ಗಡಿ ಹಾಕಿ ಕೆಟ್ಟದ್ದುಂಟು. ಜುವೆನ್ಸಿಯೊ ಮೇಸ್ತ್ರಿ ಹಗ್ಗ ಕಟ್ಟಿ ಕೆಟ್ಟದ್ದಿಲ್ಲ.

ಕೆಟ್ಟದ್ದು ಒಂದೇ ಒಂದು ಸಲ. ಹೆಂಡತಿ ಲಿಂದಾಲ್ವಾ ತಂಗಿಯನ್ನು ನೋಡಲು ಅದೇ ದೋಣಿಯಲ್ಲಿ ಹೊರಟಿದ್ದಳು. ಅವಳ ಜೋಲಿಯನ್ನು ಮೇಸ್ತ್ರಿ ಇಡೀ ಡೆಕ್ಕಿನಲ್ಲೇ ನಿರುಪದ್ರವಿಯಾದ ಮನುಷ್ಯನ ಪಕ್ಕ ಕಟ್ಟಿದ. ಓಬಿದುಸ್ ಊರಿನ ಗಡಿಯಾರ ರಿಪೇರಿಯವನು ಅವನು. ಸಾಧು, ಮಾತಿಲ್ಲ ಕತೆಯಿಲ್ಲ. ಓಬಿದುಸ್ ಬಂತು. ಗಡಿಯಾರದವನು ಇಳಿದ. ತನ್ನ ಜೋಲಿಯನ್ನು ತಾನೇ ಮಡಚಿ ಬಗಲಲ್ಲಿಟ್ಟುಕೊಂಡು ಲಿಂದಾಲ್ವಾಳೂ ಇಳಿದಳು. ತಂಗಿ ಇದ್ದದ್ದು ಮುಂದಿನ ಊರಿನಲ್ಲಿ.

ಅಂದಿನಿಂದ ಮೇಸ್ತ್ರಿಗೆ ಸುಮ್ಮನಿರುವವರನ್ನು ಕಂಡರಾಗದು.

ಕೆಲಸದಿಂದ ನಿವೃತ್ತನಾಗಿ ಮನೆ ಸೇರಿದಾಗ ಮುಂಗೋಣೆಯಲ್ಲಿ ಅವನದೊಂದೇ ಜೋಲಿ. ಕಿಟಕಿಯ ಬಳಿ ಲಿಂದಾಲ್ವಾಳ ಜೋಲಿಯ ಕೊಕ್ಕೆಗಳೆರಡು ತುಕ್ಕು ಹಿಡಿದು ಖಾಲಿ ನಿಂತಿದ್ದವು. ಎಡಕ್ಕೂ ಬಲಕ್ಕೂ ಯಾರ ಉಸಿರೂ ಇಲ್ಲದೆ ನಿದ್ದೆ ಮಾಡುವುದನ್ನು ಅರವತ್ತು ದಾಟಿದ ಮೇಲೆ ಹೊಸದಾಗಿ ಕಲಿಯಬೇಕಾಯಿತು. ಕಲಿಯಲಿಲ್ಲ.

ಆಗ ಬಂದದ್ದು ಗಾಜಿನ ತೊಟ್ಟಿ. ಬಂದರಿನ ಬದಿಯ ಹೋಟೆಲೊಂದು ಮುಚ್ಚಿತು. ತೊಟ್ಟಿಯೂ ಅದರೊಳಗಿನ ಒಂದೇ ಒಂದು ಮೀನೂ ಯಾರಿಗೂ ಬೇಡವಾದವು. ಹಳೆಯ ಸಲುಗೆಯ ಹಮಾಲರು ಅದನ್ನು ದೇವರ ಪಲ್ಲಕ್ಕಿಯಂತೆ ಹೊತ್ತು ತಂದು ಒಂದಿಡೀ ಗೋಡೆಗೆ ಆನಿಸಿಟ್ಟರು. ಮೀನು ಅಪಯಾರಿ, ಅಂಗಡಿಯವರ ಬಾಯಲ್ಲಿ ಆಸ್ಕರ್. ಕಪ್ಪು ಮೈ, ಕೆಂಡದ ಮಚ್ಚೆ, ಜಪ್ತಿಗೆ ಬಂದ ಅಧಿಕಾರಿಯ ಮುಖ. ಮೇಸ್ತ್ರಿ ಅದಕ್ಕೆ ಕರ್ನಲ್ ಎಂದು ನಾಮಕರಣ ಮಾಡಿದ.

ಕರ್ನಲ್ಲರು ಮೇಸ್ತ್ರಿಯ ಬೆರಳಿನಿಂದಲೇ ಸಿಗಡಿ ಸ್ವೀಕರಿಸುತ್ತಿದ್ದರು. ಜೋಲಿ ತೂಗಿದಂತೆಲ್ಲ ಗಾಜಿನಾಚೆ ಅವರ ಮೂತಿಯೂ ಅತ್ತಿಂದಿತ್ತ ತೂಗುತ್ತಿತ್ತು. ಮೇಸ್ತ್ರಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ತಳದಲ್ಲಿ ಅಡ್ಡ ಮಲಗಿ, ಸತ್ತೇಹೋದಂತೆ ಮುನಿಸಿಕೊಂಡಿರುತ್ತಿದ್ದರು. ಆ ಮುನಿಸನ್ನು ನೋಡುವುದು ಮೇಸ್ತ್ರಿಯಿಂದಾಗಲಿಲ್ಲ. ಇಷ್ಟು ದೊಡ್ಡ ಡೆಕ್ಕಿನಲ್ಲಿ ಒಬ್ಬನೇ ಪ್ರಯಾಣಿಕ! ಕರ್ನಲ್ಲನಿಗೆ ಜೊತೆ ಹುಡುಕಲೇಬೇಕು ಎಂದು ಪಣ ತೊಟ್ಟ.

"ಹುಡುಕೋದ್ಯಾಕೆ?" ಎಂದಳು ಕಿಟಕಿಯ ಹೊರಗೆ ಗಾಡಿ ನಿಲ್ಲಿಸಿಕೊಂಡು ಬಿಸಿ ತಕಕಾ ಮಾರುವ ದೋನಾ ಕ್ಲಿಯೊನೀಸಿ, ಸೋರೆಬುರುಡೆಯ ಬಟ್ಟಲಿಗೆ ಆ ಹುಳಿ ಸಾರು ಸುರಿಯುತ್ತ. "ಹುರಿದ್ರೆ ನಾಲ್ಕು ಜನಕ್ಕಾಗುತ್ತೆ. ಜೊತೆಗೆ ಅನ್ನ ಇಟ್ಕೊಳ್ಳಿ."

"ಮೆಲ್ಲಗೆ ಮಾತಾಡಿ ದೋನಾ, ಅವನಿಗೆ ಕೇಳಿಸುತ್ತೆ."

ಅಕ್ವೇರಿಯಂ ಅಂಗಡಿಯ ಜಿಲ್ವಾನ್ ಶಾಸ್ತ್ರ ಹೇಳಿಕೊಟ್ಟ. "ದೊಡ್ಡ ಮೀನು ಸಾಕೋದು ಅಂದ್ರೆ ಇಷ್ಟೇ ಮೇಸ್ತ್ರಿ. ಒಂದರ ಬಾಯಲ್ಲಿ ಇನ್ನೊಂದು ಹಿಡಿಸಬಾರದು. ಮೇಲಿನ ನೀರಿಗೆ ಒಂದು ಜಾತಿ, ನಡು ನೀರಿಗೆ ಒಂದು, ತಳಕ್ಕೆ ಒಂದು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರಬಾರದು." ನೀರಿಗೂ ಡೆಕ್ಕುಗಳಿವೆಯೆಂದು ತಿಳಿದ ಮೇಸ್ತ್ರಿ ಹಿಗ್ಗಿದ. ಇದು ತನ್ನದೇ ವಿದ್ಯೆ!

"ಹಂಗಾದ್ರೆ ಈ ಉವಾರು ತಗೊಂಡ್ಹೋಗಿ," ಎಂದ ಜಿಲ್ವಾನ್. ತಟ್ಟೆಯಗಲದ ಕಂದು ಮೀನೊಂದು ಮೂಲೆಯಲ್ಲಿ ಯಾರ ಗೋಜಿಗೂ ಹೋಗದೆ ಸೊಪ್ಪು ಮೆಲ್ಲುತ್ತಿತ್ತು. "ಅಪಯಾರಿ ಜೊತೆ ಚೆನ್ನಾಗಿ ಹೊಂದುತ್ತೆ. ಬಲು ಸಾಧು. ಸದ್ದೇ ಇಲ್ಲ."

ಮೇಸ್ತ್ರಿಯ ಮುಖ ಬಿಗಿಯಿತು. "ಗಡಿಯಾರ ರಿಪೇರಿ ಬರುತ್ತಾ ಅದಕ್ಕೆ?"

"ಏನಂದ್ರಿ?"

"ಏನಿಲ್ಲ. ಗಲಾಟೆ ಮಾಡೋ ಮೀನು ತೋರಿಸು. ಎಲ್ಲಿದೆ, ಏನು ಮಾಡ್ತಿದೆ ಅಂತಾದ್ರೂ ಗೊತ್ತಾಗುತ್ತೆ."

ಹೀಗೆ ಮೇಲಿನ ಡೆಕ್ಕಿಗೆ ಬೆಳ್ಳಿ ಕತ್ತಿಯಂಥ ಅರುವಾನಾ ಬಂತು. ಅದು ಎಗರುವ ಜಾತಿ. ಮುಚ್ಚಳಕ್ಕೆ ಭಾರವಿಡಲು ಮೇಸ್ತ್ರಿ ಮರೆತ. ಮಾರನೆಯ ಬೆಳಿಗ್ಗೆ ಮೊದಲ ದರ್ಜೆಯ ಪ್ರಯಾಣಿಕ ಚಪ್ಪಲಿಗಳ ನಡುವೆ ಚಿರನಿದ್ರೆಯಲ್ಲಿದ್ದ. ಆಮೇಲೆ ತಳದ ಡೆಕ್ಕಿಗೆ ಪಿರರಾರಾ. ಕೆಂಪು ಬಾಲದ, ಮೀಸೆಯ ಮರಿ, ಮುದ್ದಾಗಿತ್ತು. ತಿಂಗಳುಗಳು ಕಳೆದಂತೆ ಮುದ್ದೂ ಬೆಳೆಯಿತು, ಬಾಯಿಯೂ ಬೆಳೆಯಿತು. ಒಂದು ದಿನ ಕರ್ನಲ್ಲರ ಬಾಲ ಅದರ ಬಾಯೊಳಗೆ, ಮಿಕ್ಕ ಕರ್ನಲ್ಲರು ಹೊರಗೆ. ಮೇಸ್ತ್ರಿ ತೋಳು ಮುಳುಗಿಸಿ, ಸೌದೆ ಎಳೆದಂತೆ ಎಳೆದು ಬಿಡಿಸಿದ. ಪಿರರಾರಾ ಊರಾಚೆಯ ಮೀನುಕೊಳವೊಂದಕ್ಕೆ ಗಡೀಪಾರಾಯಿತು.

ಬಾಲ ಹರಿದ ಕರ್ನಲ್ ಮೂಲೆಗೆ ಬಿದ್ದ. ಸಿಗಡಿ ಹಿಡಿದ ಬೆರಳನ್ನೂ ನೋಡಲಿಲ್ಲ.

"ಆ ಸಾಧುವನ್ನೇ ಕೊಡು," ಎಂದ ಮೇಸ್ತ್ರಿ, ಜಿಲ್ವಾನನ ಮುಖ ನೋಡದೆ.

ಉವಾರು ನೀರಿಗಿಳಿದ ಗಳಿಗೆಗೆ ಮುನಿಸೆಲ್ಲ ಮರೆತ ಕರ್ನಲ್ ದಂಡೆತ್ತಿ ಬಂದ. ಮರದ ಬೊಡ್ಡೆ ತನ್ನದು, ಚಪ್ಪಟೆ ಕಲ್ಲು ತನ್ನದು, ಕಲ್ಲಿನ ನೆರಳೂ ತನ್ನದು. ಸಾಧು ಮೀನು ಓಡಿತು, ಮತ್ತೆ ಓಡಿತು, ಒಂದು ಮಾತೂ ಆಡಲಿಲ್ಲ. ಮೇಸ್ತ್ರಿಗೆ ದೋಣಿಯ ನೆನಪಾಯಿತು. ನಡುದಾರಿಯ ಸಾಂತಾರೆಂ ಬಂದರಿನಲ್ಲಿ ಹೊಸಬರು ಹತ್ತಿದಾಗ ಹಳಬರು ಹೀಗೆಯೇ ಕಚ್ಚಲು ಬರುತ್ತಿದ್ದರು. ಅದಕ್ಕೆ ಅವನ ಬಳಿ ಒಂದೇ ಮದ್ದು: "ಎಲ್ಲರೂ ಜೋಲಿ ಬಿಚ್ಚಿ! ನೆಲ ತೊಳೀಬೇಕು!" ನೆಲ ಕೊಳೆಯಾಗಿರಬೇಕೆಂದೇನಿಲ್ಲ. ಬಿಚ್ಚಿ ಮತ್ತೆ ಕಟ್ಟುವ ಹೊತ್ತಿಗೆ ಹಳೆಯ ಜಾಗ ಯಾರಿಗೂ ಉಳಿಯುತ್ತಿರಲಿಲ್ಲ, ಎಲ್ಲರೂ ಹೊಸಬರು.

ಮೇಸ್ತ್ರಿ ತೊಟ್ಟಿಯ ಬೊಡ್ಡೆ ತೆಗೆದ, ಕಲ್ಲುಗಳನ್ನು ಎತ್ತಿದ, ಮರಳು ಕಲಕಿದ. ನೀರು ಬಗ್ಗಡವಾಯಿತು. ಅದು ತಿಳಿಯಾಗುವಷ್ಟರಲ್ಲಿ ಸಾಮ್ರಾಜ್ಯವೇ ಕಾಣೆಯಾಗಿತ್ತು. ಕರ್ನಲ್ ತಬ್ಬಿಬ್ಬಾಗಿ ಸುತ್ತು ಹಾಕಿ, ಇಡೀ ತೊಟ್ಟಿಯಲ್ಲಿ ಗುರುತಿನ ಮುಖ ಒಂದೇ ಎಂಬಂತೆ ಉವಾರುವಿನ ಪಕ್ಕ ಬಂದು ನಿಂತ.

ಮೇಸ್ತ್ರಿ ಕಿಟಕಿಗೆ ಓಡಿ ಕೂಗಿದ. "ಗೆದ್ದೆ ದೋನಾ! ಹೊಂದಿಕೊಂಡ್ರು!"

"ಸಂತೋಷ. ಈಗ ಎಂಟು ಜನಕ್ಕಾಗುತ್ತೆ."

ಆ ಸಂಜೆ ಕರ್ನಲ್ ಗಾಜಿನ ಬಳಿ ಬರಲಿಲ್ಲ. ಮರುದಿನವೂ ಇಲ್ಲ. ಸಿಗಡಿ ಹಾಕಿದರೆ ಬಂದು ತಿಂದು, ಮೇಸ್ತ್ರಿಯ ಬೆರಳನ್ನು ಬರಿಯ ಚಮಚೆಯೆಂಬಂತೆ ಬಿಟ್ಟು, ಸಾಧುವಿನ ಪಕ್ಕಕ್ಕೆ ಮರಳುತ್ತಿದ್ದ. ಜೋಲಿ ಎಷ್ಟು ತೂಗಿದರೂ ಗಾಜಿನಾಚೆ ಎರಡು ಬಾಲಗಳು, ಅದರಲ್ಲೊಂದು ಹರಿದದ್ದು. ಮೇಸ್ತ್ರಿ ಕೆಮ್ಮಿ ನೋಡಿದ. ಗಾಜು ತಟ್ಟಿ ನೋಡಿದ. ಕರ್ನಲ್ ಓಬಿದುಸ್‌ನಲ್ಲಿ ಇಳಿದುಹೋಗಿದ್ದ.

ಉವಾರುವನ್ನು ತೆಗೆದು ವಾಪಸು ಕೊಟ್ಟುಬಿಡಲೇ ಎಂದು ಬಲೆ ಹಿಡಿದು ನಿಂತದ್ದೂ ಉಂಟು. ಕರ್ನಲ್ ಹಾಯಾಗಿದ್ದ, ಹರಿದ ಬಾಲ ಮತ್ತೆ ಬೆಳೆಯುತ್ತಿತ್ತು. ಬಲೆಯನ್ನು ಮೊಳೆಗೆ ಸಿಕ್ಕಿಸಿದ.

ಆಮೇಲೆ ಖಾಲಿ ಕೋಣೆಯ ನಡುವೆ ನಿಂತು, ಹಳೆಯ ಗಂಟಲಿನಲ್ಲಿ ಘೋಷಿಸಿದ: "ಎಲ್ಲರೂ ಜೋಲಿ ಬಿಚ್ಚಿ! ನೆಲ ತೊಳೀಬೇಕು!"

ಎಲ್ಲರೂ ಎಂದರೆ ಒಂದು ಜೋಲಿ. ಬಿಚ್ಚಿದ. ನೆಲ ತೊಳೆದ. ಕಿಟಕಿಯ ಬಳಿಯ ಕೊಕ್ಕೆಗಳ ತುಕ್ಕು ಉಜ್ಜಿ, ಲಿಂದಾಲ್ವಾಳ ಜಾಗದಲ್ಲಿ ತನ್ನ ಜೋಲಿ ಕಟ್ಟಿಕೊಂಡು, ತೊಟ್ಟಿಗೆ ಬೆನ್ನು ಹಾಕಿ ಮಲಗಿದ.

"ಏನು ಮೇಸ್ತ್ರಿ, ಮೀನು ನಿಮ್ಮನ್ನ ಹೊರಗೆ ಹಾಕಿತಾ?" ದೋನಾ ಕ್ಲಿಯೊನೀಸಿ ಕಿಟಕಿಗೆ ಇಣುಕಿದಳು.

"ಹೊರಗೆ ಹಾಕಿಲ್ಲ ದೋನಾ. ಜಾಗ ಬದಲಾಯ್ತು."

"ಇಲ್ಲಿ ಗೊರಕೆ ಹೊಡೆದ್ರೆ ನನ್ನ ಗಿರಾಕಿಗಳು ಓಡ್ತಾರೆ, ನೋಡಿ."

"ನಿಮ್ಮ ತಕಕಾ ಕುಡಿದೂ ಓಡದವರು ಗೊರಕೆಗೆ ಓಡ್ತಾರಾ?"

ಅವಳು ನಕ್ಕು, ಪಾತ್ರೆ ಮುಚ್ಚಿ, ಗಾಡಿ ತಳ್ಳಿಕೊಂಡು ಮನೆಗೆ ಹೋದಳು. ಬೀದಿ ಬರಿದಾಯಿತು. ಬಲಗಡೆ, ಇಷ್ಟು ವರ್ಷ ತಾನು ಮಲಗಿದ್ದ ಕೊಕ್ಕೆಗಳು ಈಗ ಖಾಲಿ. ಅಲ್ಲಿ ಯಾರನ್ನು ಕಟ್ಟಬಹುದೆಂದು ಮೇಸ್ತ್ರಿ ಅಭ್ಯಾಸಬಲದಿಂದ ಯೋಚಿಸತೊಡಗಿದ. ಕುಡುಕರು ಬೇಡ. ಗೊರಕೆಯವರು ಬೇಡ, ತಾನೊಬ್ಬ ಸಾಕು. ಸುಮ್ಮನಿರುವವರಾದರೆ, ಆಗಬಹುದು.