ಭಾವ ಬರೆದ ನಿಯಮ, ಅಕ್ಕನ ಸರದಿ

ನಮ್ಮ ಭಾವ ಹುಟ್ಟಿದಾಗ ಅಳುವುದಕ್ಕೂ ಮೇಲಿನವರ ಅಪ್ಪಣೆಗೆ ಕಾದರೆಂದು ಅವರ ತಾಯಿಯೇ ಹೇಳುತ್ತಿದ್ದರು. ಅಂಥವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಸೇರಿ, ಇಲಾಖೆಯ ಪರೀಕ್ಷೆ ಪಾಸು ಮಾಡಿ, ಶಾಲೆಗಳ ತಪಾಸಣೆಗೆಂದು ಊರೂರು ಸುತ್ತಿ, ಕಡೆಗೆ ಶಿಕ್ಷಣ ಇಲಾಖೆಯಲ್ಲಿ ನಿಯಮಗಳ ಕರಡು ಬರೆಯುವ ಉಪನಿರ್ದೇಶಕರ ಕುರ್ಚಿಯಲ್ಲಿ ಕೂತರು. ಕೂತರು ಎಂದರೆ, ತುದಿಯಲ್ಲಿ. ಆ ಕುರ್ಚಿಯ ಬೆನ್ನು ಇವತ್ತಿಗೂ ಅಂಗಡಿಯಿಂದ ತಂದ ಹಾಗೇ ಇದೆ.

ಅವರಿಗೆ ಹೆಸರು ತಂದದ್ದು ಶಿಕ್ಷಕರ ವರ್ಗಾವಣೆಯ ನಿಯಮ. ಅದಕ್ಕೆ ಮುಂಚೆ ಒಳ್ಳೆಯ ಶಾಲೆ ಬೇಕಾದವರು ದೊಡ್ಡವರ ಕಾಲು ಹಿಡಿಯಬೇಕಿತ್ತು. ಹಿಡಿಸಿಕೊಂಡೂ ಹಿಡಿಸಿಕೊಂಡೂ ಕೆಲವರ ಕಾಲು ಸವೆದು ಗೇಣುದ್ದವಾಗಿತ್ತು. ಭಾವ ಬರೆದರು: ಎಲ್ಲರನ್ನೂ ಒಂದೇ ಸಭಾಂಗಣಕ್ಕೆ ಕರೆಯಬೇಕು, ಖಾಲಿ ಇರುವ ಶಾಲೆಗಳನ್ನು ಪರದೆಯ ಮೇಲೆ ತೋರಿಸಬೇಕು, ಸೇವಾ ಹಿರಿತನದ ಪ್ರಕಾರ ಒಬ್ಬೊಬ್ಬರಾಗಿ ಆರಿಸಿಕೊಳ್ಳಬೇಕು. ಅಧಿಕಾರಿಗಳ ಹೆಂಡತಿಯರಿಗೂ ಇದೇ ಸಾಲು.

ಭಾವನ ಹೆಂಡತಿ, ಅಂದರೆ ನಮ್ಮಕ್ಕ, ಶಾಲೆಯ ಟೀಚರು. ಅವಳ ವರ್ಗಾವಣೆಯ ಸರದಿ ಬಂದ ಹೊತ್ತಿಗೇ ಭಾವನನ್ನು ನಿರ್ದೇಶಕರನ್ನಾಗಿ ಮಾಡುವ ಕಡತ ಮಂತ್ರಿಗಳ ಮೇಜು ಮುಟ್ಟಿತ್ತು. ಒಂದೇ ಒಂದು ದೂರು ಬಿದ್ದರೂ ಕಡತ ಅಲ್ಲೇ ಬೇರು ಬಿಡುತ್ತದೆ.

“ದೂರದ್ದು ಯಾವುದಾದ್ರೂ ತಗೊಂಬಿಡೇ,” ಎಂದರು ಭಾವ, ತಟ್ಟೆಯ ಊಟ ಮುಟ್ಟದೆ.

“ಯಾಕ್ರೀ? ನನ್ನ ಹಿರಿತನಕ್ಕೇನು ಹುಳ ಹಿಡ್ದಿದ್ಯಾ?”

“ಹತ್ರದ್ದು ಸಿಕ್ರೆ ಗಂಡನೇ ಕಾದಿಟ್ಟ ಅಂತಾರೆ. ನೆನೆಸ್ಕೊಂಡ್ರೇ ಹೊಟ್ಟೆ ಕಲಸುತ್ತೆ.”

“ಕಲಸೋದು ನಿಮ್ಮ ಹೊಟ್ಟೆ, ಬಸ್ಸು ಹತ್ತೋದು ನನ್ನ ಮಂಡಿ!”

ಶಾಲೆ ಆರಿಸಿಕೊಳ್ಳುವ ದಿನ ನಾನೂ ಅಕ್ಕನ ಜೊತೆ ಸಭಾಂಗಣಕ್ಕೆ ಹೋಗಿದ್ದೆ. ಭಾವ ಬಾಗಿಲ ಬಳಿ ನಿಂತು ಬೆವರಿದ ಬೆವರಿಗೆ ಒಂದು ಬಾವಿ ತುಂಬುತ್ತಿತ್ತು. ಪರದೆಯ ಮೇಲೆ ಅವರ ಮನೆಯ ಹಿಂದಿನ ಬೀದಿಯ ಶಾಲೆಯೇ ಕಾಣುತ್ತಿತ್ತು. ಯಾರಾದರೂ ಪುಣ್ಯಾತ್ಮರು ಅದನ್ನು ಎತ್ತಿಕೊಳ್ಳಲಿ ಎಂದು ಅವರ ತುಟಿ ಅಲುಗುತ್ತಲೇ ಇತ್ತು. ಒಬ್ಬರೂ ಎತ್ತಿಕೊಳ್ಳಲಿಲ್ಲ. ಅಲ್ಲಿನ ಮುಖ್ಯೋಪಾಧ್ಯಾಯಿನಿಗೆ ಸಿಡಿಲಮ್ಮ ಎಂದೇ ಅಡ್ಡಹೆಸರು; ಆಕೆ ದಿನಾ ಬೆಳಿಗ್ಗೆ ಪಾಠದ ತಯಾರಿ ನೋಡದೆ ಯಾರನ್ನೂ ತರಗತಿಗೆ ಬಿಡುತ್ತಿರಲಿಲ್ಲ.

“ಸಿಡಿಲಮ್ಮನ ಕೈಕೆಳಗಾ?” ಎಂದಿದ್ದರು ತಮ್ಮ ಸರದಿಯಲ್ಲಿ ಹಿರಿಯ ಮೇಷ್ಟ್ರೊಬ್ಬರು. “ಸಮುದ್ರದ ನಡುವೆ ಶಾಲೆ ಇದ್ರೆ ಕೊಡಿ ಸ್ವಾಮಿ, ಈಜ್ಕೊಂಡು ಹೋಗ್ತೀನಿ.”

ಅಕ್ಕನ ಸರದಿ ಬಂತು. ಬಾಗಿಲಿಂದ ಭಾವ ಕತ್ತು ಕಳಚುವಷ್ಟು ತಲೆ ಅಲ್ಲಾಡಿಸಿದರು. ಅಕ್ಕ ಮನೆಯ ಹಿಂದಿನ ಶಾಲೆಯನ್ನೇ ಕೇಳಿದಳು.

“ಓಹೋ, ಸಾಹೇಬ್ರ ಹಿತ್ತಲ ಶಾಲೆ!” ಎಂದರು ಅದೇ ಮೇಷ್ಟ್ರು.

ಅಕ್ಕ ತಿರುಗಿದಳು. “ನಿಮಗೆ ಬೇಕಿತ್ತಾ ಮೇಷ್ಟ್ರೇ? ನಿಮ್ಮ ಸರದೀಲಿ ಅದು ಇಲ್ಲೇ ಇತ್ತಲ್ಲ. ಆಗ ಈಜೋಕೆ ಹೊರಟಿದ್ರಿ!”

ಸಭೆ ಬಿದ್ದು ಬಿದ್ದು ನಕ್ಕಿತು. ನಕ್ಕವರಲ್ಲೇ ಯಾರೋ ಸಂಜೆಯೊಳಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ತಪ್ಪೇನೂ ಸಿಗಲಿಲ್ಲ, ಆದರೆ ಅದು ಮುಗಿಯುವಷ್ಟರಲ್ಲಿ ಭಾವನಿಗಿಂತ ಕಿರಿಯರೊಬ್ಬರು ನಿರ್ದೇಶಕರಾಗಿದ್ದರು. ಹೊಸ ನಿರ್ದೇಶಕರ ಮೊದಲ ಅಪ್ಪಣೆ: ಅಧಿಕಾರಿಗಳ ಹೆಂಡತಿಯರು ಹತ್ತಿರದ ಶಾಲೆ ಆರಿಸುವಂತಿಲ್ಲ ಎಂದು ನಿಯಮ ತಿದ್ದಿಕೊಡಿ.

ಭಾವ ಕಡತದಲ್ಲಿ, “ಇದು ಅನ್ಯಾಯ, ತಿದ್ದಬಾರದು” ಎಂದು ಬರೆದು ಸಹಿ ಹಾಕಿದರು. ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಲೇ, ‘ಅನ್ಯಾಯ’ ಅನ್ನೋದು ಸ್ವಲ್ಪ ಜೋರಾಯ್ತೇನೇ?”

“ಇಲ್ಲಾರೀ.”

“‘ಸೂಕ್ತವಲ್ಲ’ ಅಂತ ಬರೀಬಹುದಿತ್ತು.”

“ಬರೀಬಹುದಿತ್ತು. ಈಗ ಚಪ್ಪಲಿ ಬಿಡಿ.”